ಲಾಭ, ಎರಡು, ಮೂರು

…ಅಲ್ಲ ಅತ್ತಮ್ಮ, ಲಾಭ ಅಲ್ಲ, ಒಂದು. ಈ ಅವರೆಕಾಳು ನೋಡು. ಒಂದು, ಎರಡು, ಮೂರು. ಹಿಂಗೆ ಎಣಿಸ್ತಾ ಹೋದ್ರೆ ಸಿಗೋವು ಸ್ವಾಭಾವಿಕ ಸಂಖ್ಯೆ. ಯಾಕೆ ನಗ್ತೀಯ? ಗೊತ್ತು ಬಿಡು, ಈ ಮನೆಗೆ ಸೊಸೆಯಾಗಿ ಬಂದಾಗಿಂದ ನೀನು ರಾಗಿ ಅಳೆಯೋದು ಕೇಳಿದೀನಿ. ಮೊದಲನೇ ಸೇರಿಗೆ ಲಾಭ, ಆಮೇಲೆ ಎರಡು, ಮೂರು. ಒಂದು ಅಂದ್ರೆ ಒಂದಕ್ಕೇ ನಿಂತುಹೋಗುತ್ತೆ ಅಂತ ಭಯ. ಕಣದಲ್ಲಿ ಸರಿ ಅದು, ಶಿಡ್ಲಘಟ್ಟದ ಸ್ಕೂಲಲ್ಲಿ ನಡೆಯುತ್ತಾ? ನಾಳೆ ಇನ್‌ಸ್ಪೆಕ್ಟರ ಮುಂದೆ ಪಾಠ ಒಪ್ಪಿಸಿದ್ರೆ ನಿನ್ನ ಶ್ಯಾಮಲಮ್ಮ ಟೀಚರಮ್ಮ ಆಗ್ತಾಳೆ, ಈ ಜಂಗಮಕೋಟೆಲೇ ನಿನ್ನ ಜೊತೆ ಇರ್ತಾಳೆ. ಇಲ್ದಿದ್ರೆ ಸೋಮವಾರ ನಿನ್ನ ದೊಡ್ಡ ಮಗ ಬಯ್ಯಪ್ಪ ಗಾಡಿ ಕಟ್ಟಿ ನನ್ನ ಪೆರೇಸಂದ್ರದ ತವರಿಗೆ ಬಿಟ್ಟು ಬರ್ತಾನೆ. ಅಲ್ಲಿ ನಮ್ಮಣ್ಣನ ಹೆಂಡ್ತಿ ಬಾಯಿ ನಿನಗೆ ಗೊತ್ತಲ್ಲ.

ಈಗ ಸೊನ್ನೆ. ಅದೂ ಸೇರಿದ್ರೆ ಪೂರ್ಣ ಸಂಖ್ಯೆ. ನಮ್ಮ ಮನೇಲಿ ಸೊನ್ನೇನೇ ಇಲ್ಲ, ಅಕ್ಕಿ ಮುಗಿದ್ರೂ ಮುಗೀತು ಅನ್ನಬಾರದು, ಹೆಚ್ಚಿದೆ ಅನ್ನಬೇಕು… ನಗು, ನಗು. ಸೊನ್ನೆಗಿಂತ ಕೆಳಗಿನವು ಋಣ ಸಂಖ್ಯೆ. ಏನೂ ಇಲ್ಲದ್ದಕ್ಕಿಂತ ಕಡಿಮೆ ಹೆಂಗೆ ಅಂತೀಯಾ? ನಿನ್ನ ಚಿಕ್ಕ ಮಗ ನನ್ನ ಬಿಟ್ಟು ತೀರ್ಕೊಂಡ ಮೇಲೆ ಪಕ್ಕದ್ಮನೆ ಆಂಜಿನಮ್ಮನ ಮಗಳ ಮದುವೆಗೆ ಹೋದೆ. ಚಪ್ಪರದೊಳಗೆ ಕಾಲಿಟ್ಟೆ ಅಂತ ಆರತಿ ನಿಲ್ಲಿಸಿದ್ರು. ಸೊನ್ನೆ ಬಂದಿದ್ರೆ ಯಾರೂ ತಿರುಗಿ ನೋಡ್ತಿರ್ಲಿಲ್ಲ ಅತ್ತಮ್ಮ. ನಾನು ಬಂದ್ರೆ ಇರೋದ್ರಲ್ಲೂ ಕಳೆಯುತ್ತೆ.

ಭಿನ್ನರಾಶಿ ಸುಲಭ. ಒಂದು ಮುದ್ದೆ ನಾವಿಬ್ರೂ ಮುರ್ಕೊಂಡ್ರೆ ಅರ್ಧ ಅರ್ಧ. ಇನ್ನೊಂದು ಜಾತಿ ಇದೆ, ಅಭಾಗಲಬ್ಧ ಅಂತ. ಯಾವ ಪಾಲಿಗೂ ಸರಿಯಾಗಿ ಬೀಳಲ್ಲ, ಬರೀತಾ ಹೋದ್ರೆ ಮುಗಿಯೋದೂ ಇಲ್ಲ. ಅಂಥದಕ್ಕೂ ಸಂಖ್ಯೆಗಳ ಸಾಲಲ್ಲಿ ಒಂದು ಜಾಗ ಇದೆಯಂತೆ…

ಏನು ನೋಡ್ತಿದೀಯ, ಸೆರಗಾ? ಅದು… ಗೋಡೆ ಸುಣ್ಣ. ಇವತ್ತು ಬರೀ ಜಾಗ ನೋಡ್ಕೊಂಡು ಬಂದೆ ಅಂದ್ನಲ್ಲ. ಪಾಠ ನಾಳೆ. ನಾಳೆ ಅಂದ್ನಲ್ಲ! ಸೆರಗು ಕೊಡವಬೇಡ, ಬಿಡು…

ಸೀಮೆಸುಣ್ಣ ಅತ್ತಮ್ಮ. ಪಾಠ ಇವತ್ತೇ ಇತ್ತು. ಮೊದಲನೇ ಕಾಳು ಎತ್ತಿ ತೋರಿಸಿ… ಲಾಭ ಅಂದ್ಬಿಟ್ಟೆ. ಹುಡುಗ್ರು ನಕ್ರು, ಇನ್‌ಸ್ಪೆಕ್ಟರೂ ನಕ್ರು. ಆಮೇಲೆ ಎರಡು ಅನ್ನೋಕೂ ಬಾಯಿ ಬರ್ಲಿಲ್ಲ. ಸಾಕು, ಹೋಗಮ್ಮ ಅಂದ್ರು.

ಬೈದಾದ್ರೂ ಬಿಡು. ಎಲ್ಲಿಗೆ ಎದ್ದೆ? ಸೇರು ಯಾಕೆ? ಆ ಚೀಲ ನನ್ನದಲ್ವಾ… ತವರಿಗೆ ಬರಿಗೈಲಿ ಕಳಿಸಬಾರದು ಅಂತಾನಾ? ಸೋಮವಾರ ಇನ್ನೂ ಬಂದಿಲ್ವಲ್ಲ ಅತ್ತಮ್ಮ.

ಮೊದಲನೇ ಸೇರು ರಾಗಿ ಸುರಿದೆ ನೀನು. ಲೆಕ್ಕಾನೇ ಹೇಳ್ಲಿಲ್ಲ. ಲಾಭ ಅನ್ನು… ಬೇಡ, ಒಂದು ಅಂತಾದ್ರೂ ಅನ್ನು.