ಮುದುಕಿ ಬೆನ್ನು ಹಚ್ಚಿದ ಕಂಬ

...ಅಯ್ಯ, ಆ ಶಾಲು ಯಾಕ ಹೊಚ್ಚಿಕೊಳ್ಳೂದಿಲ್ಲಂತ ಕೇಳಬ್ಯಾಡ್ರಲೇ, ಮೈ ಉರಿತೈತಿ. ರಾಣೆಬೆನ್ನೂರಾಗ ರೆಡಿಮೇಡ್ ಬಾಗಲಾ ಬಂದ್ವು ನೋಡು, ಎರಡ್ಸಾವಿರದ ಇಸ್ವಿ ಈಚಿ ಮಾತು, ನನ್ನಂಥಾ ಬಡಿಗ್ಯಾನ್ನ ಯಾರ್ ಕೇಳ್ತಾರ? ನಿಮ್ಮಜ್ಜಿ ಬರೇ ನುಚ್ಚು ಕುದಿಸಿ, ಓಣ್ಯಾಗ ಯಾರೂ ನೋಡಬಾರ್ದಂತ ಕದಾ ಮುಚ್ಚಿ ಬಡಸ್ತಿದ್ಲು. ಅಂಥಾದ್ರಾಗ ಕುಮಾರಪಟ್ಟಣದಿಂದ ಮಂದಿ ಬಂದ್ರು. ಕೇರಳದಾವ್ರು, ಫ್ಯಾಕ್ಟರ್ಯಾಗ ದುಡಿಯಾವ್ರು, ಆರ್ಥೊಡಾಕ್ಸ್ ಕ್ರಿಶ್ಚನ್ನರಂತ. ಅವರ ಹಳ್ಳ್ಯಾಗ ಹಳೇ ಕಟಗೀ ಚರ್ಚು ಬಿಚ್ಚಿ ಸಿಮೆಂಟಿಂದು ಕಟ್ಟಿದ್ರಂತ. ಆ ಕಟಗೀನೆಲ್ಲಾ ಇವ್ರು ಕುಮಾರಪಟ್ಟಣದಾಗ ತಮಗೊಂದು ಚರ್ಚ್ ಮಾಡಾಕ ಲಾರ್ಯಾಗ ಹೇರ್ಕೊಂಡು ತಂದಿದ್ರು. "ಒಂದೂ ಮೊಳಿ ಹೊಡೀದ, ಮೊದಲಿದ್ಹಂಗ ನಿಂದ್ರಿಸಿಕೊಡ್ತೀರೇನ್ರಿ ಬಡಿಗ್ಯಾರ?" "ಅದೇನ್ ಮಹಾ ಬಿಡ್ರಿ!" ಅಂದೆ. ಹಸದ ಹೊಟ್ಟಿ, ಬಾಯಿ ಮಾತ್ರ ಜೋರು.

ಬಿಚ್ಚೂ ಮುಂದ ಯಾವುದು ಎಲ್ಲಿಗಂತ ಕಟಗೀಗೆ ಬರದಿದ್ದ ಗುರುತೆಲ್ಲಾ ಹಾದ್ಯಾಗ ಮಳೀಗೆ ತೊಳದ್ಹೋಗಿದ್ವು. ಅಂದಾಜಿನ ಮ್ಯಾಲೆ ಕಂಬಾ ನಿಂದ್ರಿಸಿದೆ, ತೊಲಿ ಏರಿಸಿದೆ, ಎಲ್ಲಾ ಕೂಡಿದ್ವು. ಕಡೀಕ ಎರಡು ತೊಲಿ ಕೂಡವಲ್ವು. ಕೊಡತೀಲೆ ಬಡದೆ, ಊಂಹೂಂ. ಕೈಲೆ ಮಾಡಿದ ಕೆಲಸಾ ಅದು, ಒಂದ್ ಕಂಬದ ತೂತಿಗೆ ಅದರದ ತೊಲೀನ ಬೇಕು. ನಂಗ ಗೊತ್ತಿದ್ದಿಲ್ಲ... ಅಲ್ಲ, ಗೊತ್ತಿತ್ತು, ಸುಳ್ಳ್ಯಾಕ? ಅಷ್ಟು ಮಂದಿ ಮುಂದ ತಪ್ಪಾತು ಅನ್ನಾಕ ಬಾಯಿ ಬರಬೇಕಲ್ಲ. "ನಿಮ್ಮ ಕಟಗೀನ ಸೊಟ್ಟಾಗ್ಯಾವ್ರಿ, ತುದಿ ಕೊಯ್ಯಬೇಕು" ಅಂದು ಗರಗಸಾ ತಗೊಂಡೆ.

ಅಲ್ಲೊಬ್ಬಾಕಿ ಮುದುಕಿ ಕುಂತಿದ್ಲು, ಅವರೊಳಗ ಒಬ್ಬನ ತಾಯಿ, ಕಣ್ಣು ಸರಿಯಾಗಿ ಕಾಣ್ತಿದ್ದಿಲ್ಲ. ಎದ್ದು ಬಂದು ಒಂದೊಂದ ಕಂಬಾ ಕೈಯಾಡಿಸಿ ನೋಡಿದ್ಲು. ಒಂದು ಕಂಬದ ಬುಡಕ ನೆಲದ ಮ್ಯಾಲೆ ಕುಂತು ಬೆನ್ನು ಹಚ್ಚಿದ್ಲು ನೋಡು, ಕಂಬದ ಸವದ ಗುಳಿಯೊಳಗ ಬೆನ್ನು ಬರೋಬ್ಬರಿ ಕೂಡ್ತು. ಅಳಾಕ ಹತ್ತಿದ್ಲು. ಮಗ ಅಂದ, "ಅಮ್ಮ ಸಣ್ಣಾಕಿದ್ದಾಗಿಂದ ಇದಕ್ಕ ಬೆನ್ನು ಹಚ್ಚಿ ಕುಂತಾಕಿರಿ, ಅವರವ್ವನೂ ಇಲ್ಲೇ ಕುಂತಾಕಿ. ಚರ್ಚಿನ್ಯಾಗ ಹೆಣ್ಮಕ್ಕಳು, ಗಂಡಸ್ರು ಬ್ಯಾರೆ ಬ್ಯಾರೆ ಕಡಿ ಕುಂದ್ರತೀವ್ರಿ, ಇದು ಹೆಣ್ಮಕ್ಕಳ ಕಡಿ ಕಂಬ. ನೀವು ಗಂಡಸರ ಕಡಿ ನಿಂದ್ರಿಸೀರಿ." ಆ ಗುಳಿ ನಾನೂ ನೋಡಿದ್ದೆ ಮತ್ತ! ಉಜ್ಜುಗೊರಡು ಹೊಡದು ಸಪಾಟು ಮಾಡೋಣಂತ ಮಾಡಿದ್ದೆ. ಮುದುಕಿ ನನ್ನ ಕೈಯಾಗಿನ ಗರಗಸಾ ಮೆಲ್ಲಕ ಇಸಗೊಂಡು ಕೆಳಗಿಟ್ಲು. ಬೈದಿದ್ರ ಛಲೋ ಇತ್ತು.

ಆ ಕಂಬಾನೂ ಆಚಿ ಕಡಿ ಕಂಬಾನೂ ಅದಲಿ ಬದಲಿ ಮಾಡಿದೆ. ತೊಲಿ ಸುಮ್ನ ಹೋಗಿ ಕುಂತ್ವು, ಕೊಡತಿ ಸೈತ ಬೇಕಾಗ್ಲಿಲ್ಲ. ಚರ್ಚ್ ಸುರು ಆದ ದಿವಸ ಎಲ್ಲಾರೂ ಚಪ್ಪಾಳಿ ಹೊಡದು ಈ ಶಾಲು ನನಗ ಹೊಚ್ಚಿದ್ರು. ಆಕೀ ಹೆಸರೂ ಯಾರೂ ಎತ್ತಲಿಲ್ಲ. "ಇದು ಆ ತಾಯೀಗೆ ಹೊಚ್ರಿ" ಅನ್ನಬೇಕಿತ್ತು ನಾನು. ಅನ್ನಲಿಲ್ಲ, ತೆಲಿ ಬಗ್ಗಿಸಿ ಹೊಚ್ಚಿಸಿಕೊಂಡೆ. ಆಕಿ ಆ ಕಂಬಕ್ಕ ಬೆನ್ನು ಹಚ್ಚಿ ಕುಂತು ನನ್ನ ಕಡೆ ನಗಾಕತ್ತಿದ್ಲು. ನಾಚಿಕಿ ಅಂದ್ರ ಏನಂತ ಅವತ್ತ ತಿಳೀತು.

ಏನರ ಕೊಯ್ಯೂದು ಇದ್ರ, ಮೊದಲ ಅಲ್ಲಿ ಯಾರು ಕುಂತಿದ್ರಂತ ಕೇಳ್ರಿ. ಏಳ್ರಿ ಇನ್ನ, ಶಾಲು ಟ್ರಂಕಿನ್ಯಾಗ ಇಟ್ಟು ಬರ್ರಿ.