ಬಿಟ್ಟವಳು ನಾನು, ಬಿಡಿಸಿದವರು ಯಾರು?

ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಇಷ್ಟು ದಿನ ಪರದೆಯಲ್ಲಿ ಕುತ್ತಿಗೆಯವರೆಗೆ ಮಾತ್ರ ಕಂಡು ಇಂದು ಪೂರ್ತಿ ದರ್ಶನ ಕೊಟ್ಟಿರುವ ನಮ್ಮ ತರಬೇತುದಾರರೇ, ಸಭಿಕರೇ, ಮತ್ತು ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ಅಪ್ಪನವರೇ,

ಆನ್‌ಲೈನ್‌ನಲ್ಲಿ ಭಾಷಣ ಕಲಿತವರಲ್ಲಿ ಈ ವರ್ಷದ ಉತ್ತಮ ವಿದ್ಯಾರ್ಥಿನಿ ನಾನಂತೆ. ಶಾಲೆಯ ಬೆಂಚಿನಲ್ಲಿ ಒಂದು ಗಳಿಗೆ ಕೂರಲಾಗದವಳಿಗೆ ಈ ಬಿರುದು! ನಗುವವರು ನಗಬಹುದು.

ನಮ್ಮದು ಗಾಜು ಕತ್ತರಿಸುವ ಅಂಗಡಿ. ಅಪ್ಪ ಗೀರು ಎಳೆದು ಕತ್ತರಿಸುತ್ತಾರೆ, ನಾನು ಅಂಚು ಉಜ್ಜುತ್ತೇನೆ. ಕನ್ನಡಿ ಸೊಟ್ಟಗಿದೆ ಎಂದು ಜಗಳಕ್ಕೆ ಬಂದ ಹೆಂಗಸಿಗೆ, ಕನ್ನಡಿ ನೆಟ್ಟಗಿದೆ, ನಿಮ್ಮ ಗೋಡೆಯೇ ಸೊಟ್ಟ ಎಂದೆ. ಗೋಡೆ ನಿಜಕ್ಕೂ ಸೊಟ್ಟಗಿತ್ತು. ಆದರೆ ಆಕೆ ಮತ್ತೆ ಬರಲಿಲ್ಲ. ಅಂದು ಅಪ್ಪ ಅಂದರು, "ಶಾಲೆಯಂತೂ ಬಿಟ್ಟೆ ತಾಯೀ, ನಾಲ್ಕು ಜನರ ಮುಂದೆ ಮಾತಾಡೋದಾದ್ರೂ ಕಲಿ." ನನ್ನನ್ನು ಈ ತರಗತಿಗೆ ಸೇರಿಸಿದವರು ಅವರೇ.

ಉಸಿರು ಹಿಡಿಯಲು ಕಲಿತೆ, ದನಿ ಏರಿಸಲು ಕಲಿತೆ. ಕೊನೆಯ ಪಾಠಕ್ಕೆ 'ನನ್ನ ಬದುಕಿನ ತಿರುವು' ಎಂಬ ವಿಷಯ ಕೊಟ್ಟರು. ನಾನು ಶಾಲೆ ಬಿಟ್ಟೆ ಎಂದು ಶುರು ಮಾಡಿದೆ. ತರಬೇತುದಾರರು ಅಲ್ಲೇ ತಡೆದರು.

"ಬಿಟ್ಟೆ ಅಂದ್ರೆ ಯಾರ ಕಣ್ಣೂ ಒದ್ದೆ ಆಗಲ್ಲಮ್ಮ. ಅಪ್ಪ ಬಿಡಿಸಿದ್ರು ಅನ್ನು."

ಅನ್ನುವುದಿಲ್ಲ ಎಂದೆ. ಅವರೇನು ಮಾಡಿದರು ಗೊತ್ತೇ? ನನ್ನ ಮಾತನ್ನು 'ಬಿಟ್ಟೆ' ಎಂಬಲ್ಲಿಗೆ ಕತ್ತರಿಸಿ, ಹಿಂದೆ ಅಳುವ ಪಿಟೀಲು ಸೇರಿಸಿ, ಕೆಳಗೆ ದಪ್ಪಕ್ಷರದಲ್ಲಿ 'ಓದುವ ಮಗಳನ್ನು ಅಪ್ಪನೇ ಶಾಲೆ ಬಿಡಿಸಿದ' ಎಂದು ಬರೆದು ತಮ್ಮ ತರಗತಿಗೆ ಜಾಹೀರಾತು ಮಾಡಿದರು. ಬಿಡಿಸಿದ! ಗೌರವಕ್ಕೊಂದು ಬಹುವಚನವೂ ಇಲ್ಲ.

ಸಭಿಕರೇ, ಯಾರು ಬಿಡಿಸಿದರು? ನಾನು ಶಾಲೆಯ ಕಾಂಪೌಂಡು ಹಾರಿದಾಗಲೆಲ್ಲ ಅಂಗಡಿ ಮುಚ್ಚಿ ನನ್ನನ್ನು ಮರಳಿ ಬಿಟ್ಟುಬಂದವರು ಯಾರು? ಹೆಡ್ಮಿಸ್ ಮುಂದೆ ಕೈಕಟ್ಟಿ ನಿಂತವರು ಯಾರು? ನಾನು ಓದಲಿ ಎಂದು ಪಕ್ಕದಲ್ಲಿ ಕೂತು, ನನ್ನ ಪುಸ್ತಕದ ಪದ್ಯಗಳನ್ನು ತಾವೇ ಗಟ್ಟಿಯಾಗಿ ಓದುತ್ತ ತೂಕಡಿಸಿದವರು ಯಾರು? ಆ ಪದ್ಯಗಳು ಅವರಿಗೆ ಇಂದಿಗೂ ಬಾಯಿಪಾಠ. ಕೆಲಸದ ನಡುವೆ ಗುನುಗುತ್ತಾರೆ. ಕೇಳಿಸದಿರಲಿ ಎಂದು ನಾನು ಉಜ್ಜುವ ಯಂತ್ರ ಚಾಲೂ ಮಾಡುತ್ತೇನೆ.

ಇರಲಿ, ಅದು ಬೇರೆ ಮಾತು.

ಜಾಹೀರಾತಿಗೆ ಫೋನುಗಳಲ್ಲಿ ಚಪ್ಪಾಳೆಯ ಚಿತ್ರಗಳು ಸುರಿದವು. ಅದನ್ನು ನೋಡಿದ ಪಕ್ಕದ ಅಂಗಡಿಯವರು ಬಂದು ಕೇಳಿದರು, "ಏನ್ರೀ, ಮಗಳ ಓದಿಗೆ ನೀವೇ ಕಲ್ಲು ಹಾಕಿದ್ರಂತೆ?" ಅಪ್ಪ ಗಾಜಿನಿಂದ ತಲೆ ಎತ್ತಲಿಲ್ಲ. ಯಾಕೆ ಸುಮ್ಮನಿದ್ದಿರಿ ಎಂದು ನಾನು ರೇಗಿದರೆ, "ಬಿಡು, ನಿಂಗೆ ಚಪ್ಪಾಳೆ ಸಿಕ್ತಲ್ಲ, ಸಾಕು" ಎಂದರು.

ಸಾಕೇ? ಅಪ್ಪನ ಮಾನ ಮಾರಿ ತಂದ ಚಪ್ಪಾಳೆ ಯಾವ ಮಗಳಿಗೆ ಸಾಕು?

ಆ ಜಾಹೀರಾತಿನ ವೀಡಿಯೊ ಅಳಿಸಿ ಎಂದು ತರಬೇತುದಾರರನ್ನು ಬೇಡಿಕೊಂಡೆ. ಜನ ಮೆಚ್ಚಿದ್ದಾರೆ, ಅಳಿಸಿದರೆ ನಿನಗೇ ನಷ್ಟ ಎಂದರು. ಸಾರ್, ನಿಮ್ಮ ಫೋನು ಮೇಜಿನ ಮೇಲೇ ಇದೆ. ಅಧ್ಯಕ್ಷರ ಎದುರೇ ಅಳಿಸಿ. ಅಲ್ಲಿಯವರೆಗೆ ಈ ಬಿರುದಿನ ಫಲಕ ನಿಮ್ಮಲ್ಲೇ ಇರಲಿ.

ಅಪ್ಪಾ, ಎದ್ದು ಹೋಗಬೇಡಿ. ಕೂತ್ಕೊಳ್ಳಿ.

ಮಾತು ಕಲಿಸಿದ ತರಬೇತುದಾರರಿಗೆ ಧನ್ಯವಾದ. ಕಲಿತದ್ದು ಇವತ್ತು ಕೆಲಸಕ್ಕೆ ಬಂತು. ಶಾಲೆ ಬಿಟ್ಟವಳು ನಾನು. ಬಿಡಬೇಡ ಎಂದವರು ಅಲ್ಲಿದ್ದಾರೆ. ಚಪ್ಪಾಳೆ ತಟ್ಟುವುದಿದ್ದರೆ, ದಯವಿಟ್ಟು ಆ ಕಡೆ ತಿರುಗಿ ತಟ್ಟಿ.

ನಮಸ್ಕಾರ.