ಮಗಳನ್ನು ಕೊಟ್ಟ ಊರು

ಶಹಾಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕುಳಿತಿದ್ದರು. ಒಬ್ಬಳ ಕೈಗೆ ಪಟ್ಟಿ ಕಟ್ಟಿತ್ತು.

“ಮಂಗ್ಯಾ ಕಚ್ಚಿದ್ದು ಮಾಯ್ತೇನ ಭುವನೇಶ್ವರಿ?”

“ಮಾಯಾಕತ್ತದಕ್ಕ. ಬಾಜೂಮನಿ ಅಮೃತಮ್ಮ ದಿನಾ ಬಾಳೆಹಣ್ಣ ಹಾಕಿ ರೂಢಿ ಮಾಡಿದ್ಲಲ್ಲ, ಆ ಮಂಗ್ಯಾಗಳನ್ನೆಲ್ಲ ಹಿಡಿಸಿ ಕಳಿಸಿಬಿಟ್ಟೆ.”

“ಅಡವಿಗೇನು?”

“ಅಡವಿಗ್ಯಾಕ? ದೋರನಹಳ್ಳಿಗೆ. ಅಕಿ ಮಗಳನ್ನ ಕೊಟ್ಟ ಊರಿಗೆ.”

“ಅಯ್ಯ, ಆ ಹುಡುಗಿ ಬಾಣಂತಿ ಅದಾಳಲ್ಲ!”

“ಅದಕ್ಕ ಅವರ ಹಿತ್ತಲದಾಗನ ಬಿಡಿಸೇನಿ.”

“ಅಮೃತಮ್ಮಗ ಗೊತ್ತದೇನು?”

“ಎಲ್ಲಿ ಗೊತ್ತು! ಹನುಮಪ್ಪ ದೇವ್ರು ಮುನಿಸಿಕೊಂಡು ಹೋದ ಅಂತ ಅಳಾಕತ್ತಾಳ.”

ದೋರನಹಳ್ಳಿಯ ಬಸ್ ಬಂತು. ಪಟ್ಟಿ ಕಟ್ಟಿದವಳು ಚೀಲ ಎತ್ತಿಕೊಂಡು ಎದ್ದಳು.

“ನೀ ಎಲ್ಲಿಗಿ ಹೊಂಟಿ?”

“ಇವತ್ತ ಆ ಕೂಸಿನ್ನ ತೊಟ್ಟಲದಾಗ ಹಾಕತಾರ. ಅಮೃತಮ್ಮ ಮನಿಗೆ ಬಂದು ಕರದಾಳ. ಕೂಸಿನ ತಲಿಗೆ ಕುಲಾಯಿ ತಗೊಂಡೀನಿ ನೋಡಕ್ಕ. ಹೋಗದಿದ್ರ ಚಂದ ಕಾಣ್ತದೇನು?”